ಮೂಲೆಯ ಕುರ್ಚಿಯಿಂದ ಬಂದ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ರೈಸ್ತ ದೇವಶಾಸ್ತ್ರ ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಒಳಗೆ ಹೆಂಗಸೊಬ್ಬರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದಾರೆ. ಮೇಜಿನ ಕೆಳಗೆ ಒಂದು ಪೆಡಲು. ಒತ್ತಿದರೆ ಧ್ವನಿ ಓಡುತ್ತದೆ, ಕಾಲು ಎತ್ತಿದರೆ ನಿಲ್ಲುತ್ತದೆ. "ಅಮ್ಮ ಜೀವನಪೂರ್ತಿ ಹೊಲಿಗೆ ಮೆಷಿನ್ ತುಳಿದಳು, ನಾನು ಇದನ್ನ ತುಳೀತಿದೀನಿ" ಎಂದು ನಗುತ್ತಾರೆ.

ಇವರನ್ನು ವಿದ್ಯಾರ್ಥಿಗಳು ಕರೆಯುವುದು ಟೈಪಿಸ್ಟಮ್ಮ ಎಂದು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಇವತ್ತು ಟೈಪಾಗುತ್ತಿರುವುದು ನಿನ್ನೆ ವಿದ್ಯಾರ್ಥಿಗಳು ಹೇಳಿದ ದೂರುಗಳು. ಇವರನ್ನು ಕಾಣಲು ಬಂದ ನನಗೂ ಕೇಳಲೆಂದು ಒಂದು ಕಿವಿಯ ಹೆಡ್‌ಫೋನ್ ಬಿಚ್ಚಿ ಕೊಡುತ್ತಾರೆ. ಯಾರೋ ಹುಡುಗ ಗೊಣಗುತ್ತಿದ್ದಾನೆ: ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಮಾಡುವುದನ್ನು ಕಲಿಸುವ ತರಗತಿಯಲ್ಲಿ ನಮಗೆ ಬಾಯಿ ತೆರೆಯಲು ಬಿಡುವುದೇ ಇಲ್ಲ, ಮೇಷ್ಟ್ರೇ ಗಂಟೆಗಟ್ಟಲೆ ಪ್ರಸಂಗ ಮಾಡುತ್ತಾರೆ. ಟೈಪಿಸ್ಟಮ್ಮನ ತುಟಿಯಂಚು ಸ್ವಲ್ಪ ಕೊಂಕುತ್ತದೆ. ಕೈ ಮಾತ್ರ ನಿಲ್ಲುವುದಿಲ್ಲ.

ಇಲ್ಲಿ ಸ್ನಾತಕೋತ್ತರ ಓದುವವರು ಮುಂದೆ ಚರ್ಚುಗಳಲ್ಲಿ ಸಭಾಪಾಲಕರಾಗುವವರು, ಎಂದರೆ ಪಾದ್ರಿಗಳಾಗುವವರು. ಅವರ ಓದಿನ ಒಂದು ಭಾಗ ಪ್ರಾಯೋಗಿಕ ದೇವಶಾಸ್ತ್ರ. ಪುಸ್ತಕದಲ್ಲಿರುವ ದೇವರನ್ನು ಜನರ ಮನೆಬಾಗಿಲಿಗೆ ಒಯ್ಯುವ ವಿದ್ಯೆ ಅನ್ನಬಹುದು. ಪ್ರಸಂಗ, ಪ್ರಾರ್ಥನೆ, ರೋಗಿಯ ಪಕ್ಕ ಕೂರುವುದು, ಸಾವಾದ ಮನೆಗೆ ಹೋಗುವುದು, ಎಲ್ಲವೂ ಅದರೊಳಗೆ ಬರುತ್ತವೆ. ಓದಿನ ಅವಧಿ ಮುಗಿದಾಗ ಪಾಠ ಹೇಗಿತ್ತೆಂದು ವಿದ್ಯಾರ್ಥಿಗಳು ಹೇಳಬೇಕು. ಕಾಗದದಲ್ಲಿ ಬರೆಯಿರಿ ಎಂದರೆ ಎಲ್ಲರೂ 'ಚೆನ್ನಾಗಿತ್ತು' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅದಕ್ಕೇ ವಿಭಾಗದ ಮುಖ್ಯಸ್ಥೆ ಎಲ್ಲರನ್ನೂ ಸುತ್ತ ಕೂರಿಸಿ ಮಾತಾಡಿಸುತ್ತಾರೆ. ಧ್ವನಿ ಮುದ್ರಣವಾಗುತ್ತದೆ. ಯಾವ ಮಾತು ಯಾರದೆಂದು ಗುರುತಿಟ್ಟುಕೊಳ್ಳಲು ಟೈಪಿಸ್ಟಮ್ಮ ಪೆನ್ಸಿಲ್ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂರುತ್ತಾರೆ.

"ಆ ಕುರ್ಚಿಗೆ ಕಿವಿ ಇರಬೇಕು, ಬಾಯಿ ಇರಬಾರದು" ಎನ್ನುತ್ತಾರೆ ಅವರು. "ಸೇರಿದ ದಿನವೇ ಹೇಳಿದ್ರು. ನಾನೂ ಹಾಗೇ ಇದ್ದೆ. ಒಂದು ಸಲ ಮಾತ್ರ ತಪ್ಪಿದೆ."

ಆ ಒಂದು ಸಲದ ಕಥೆ ಶುರುವಾಗುವುದು ಅವರ ಮನೆಯಲ್ಲಿ. ತಾಯಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಬಿದ್ದುಹೋಗಿತ್ತು. ಮಗಳಿಗೆ ಅಣ್ಣ ತಮ್ಮ ಯಾರೂ ಇಲ್ಲ, ಮದುವೆಯ ಮಾತು ಎಂದೋ ನಿಂತುಹೋಗಿತ್ತು. ಹಗಲೆಲ್ಲ ಮಗಳು ಕೆಲಸಕ್ಕೆ ಹೋದರೆ ಪಕ್ಕದ ಮನೆಯವರು ಮಧ್ಯಾಹ್ನ ಇಣುಕಿ ಊಟ ಕೊಡುತ್ತಿದ್ದರು. ಉಳಿದ ಹೊತ್ತು ತಾಯಿಗೆ ಚಾವಣಿಯೇ ಜೊತೆ. ಆಗ ವಿಭಾಗದ ಮುಖ್ಯಸ್ಥೆಯೇ, "ನಮ್ಮ ಮಕ್ಕಳು ಮನೆಭೇಟಿ ಅಭ್ಯಾಸಕ್ಕೆ ಹೋಗ್ತಾರಲ್ಲ, ನಿಮ್ಮ ಮನೆಗೂ ಒಬ್ಬಳನ್ನ ಕಳಿಸಲಾ?" ಎಂದು ಕೇಳಿದರು.

ಬಂದವಳು ಎತ್ತರದ, ಗಟ್ಟಿ ನಗುವಿನ ಹುಡುಗಿ. ವಾರಕ್ಕೊಮ್ಮೆ, ಗುರುವಾರ ಬರುವುದೆಂದಾಯಿತು. ಮೊದಲ ಗುರುವಾರ ಏನು ಮಾತಾಡಬೇಕೆಂದು ತೋಚದೆ ಅಂಗಿಯ ತೋಳಿನ ಗುಂಡಿ ತಿರುಚುತ್ತ ಕೂತಿದ್ದಳಂತೆ. ಗುಂಡಿ ಕಿತ್ತು ಕೈಗೆ ಬಂತು. ತಾಯಿ ಹಾಸಿಗೆಯಿಂದಲೇ ಗದರಿದರು: "ಅಯ್ಯೋ ನಿನ್ನ! ಸೂಜಿಡಬ್ಬಿ ಆ ಕಪಾಟಿನಲ್ಲಿದೆ, ತಾ ಇಲ್ಲಿ." ಬಟ್ಟೆಯನ್ನು ತಾಯಿಯ ಬಲಗೈ ಹಿಡಿದುಕೊಂಡಿತು, ಹುಡುಗಿ ಹೊಲಿದಳು. ಮುಂದಿನ ವಾರದಿಂದ ಹಾಸ್ಟೆಲಿನ ಹರಿದ ಬಟ್ಟೆಯೆಲ್ಲ ಗಂಟು ಕಟ್ಟಿ ತರತೊಡಗಿದಳು. ಪ್ರಾರ್ಥನೆಗಿಂತ ಹೊಲಿಗೆಯೇ ಹೆಚ್ಚು ನಡೆಯುತ್ತಿತ್ತು.

"ಸಂಜೆ ನಾನು ಹೋದ್ರೆ ಅಮ್ಮನ ಮುಖ ನೋಡಬೇಕಿತ್ತು. 'ಆ ಹುಡುಗಿಗೆ ಕಾಜಾ ಹೊಲಿಯೋಕೇ ಬರಲ್ಲ ಕಣೇ' ಅಂತ ದೂರೋಳು. ದೂರೋದರಲ್ಲೇ ಅವಳಿಗೆ ಹಬ್ಬ."

ಮನೆಭೇಟಿಯ ಅವಧಿ ಮುಗಿಯಿತು. ಕೊನೆಯ ಗುರುವಾರ ಹುಡುಗಿ ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡು "ಬರ್ತೀನಿ ಅಜ್ಜಿ" ಅಂದು ಹೊರಟಳು. ನಾವೆಲ್ಲ ಹೋಗುವಾಗ ಹೇಳುವುದು ಅದನ್ನೇ ತಾನೆ. ತಾಯಿ ಅದನ್ನು ನಂಬಿಕೊಂಡರು.

ಮುಂದಿನ ಗುರುವಾರ ಹುಡುಗಿ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಾಯಿ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ, ಬಾಗಿಲಿನ ಕಡೆ ಮುಖ ಮಾಡಿ ಕೂರುತ್ತಿದ್ದರು. "ಪರೀಕ್ಷೆ ಇದೆಯಂತೆ ಅಮ್ಮಾ" ಎಂದು ಮಗಳು ಸುಳ್ಳು ಹೇಳಿದರು. "ಹುಷಾರಿಲ್ವಂತೆ" ಎಂದು ಇನ್ನೊಂದು ಸುಳ್ಳು. ಅದೇ ಹುಡುಗಿ ಕಾಲೇಜಿನ ಪಡಸಾಲೆಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದಳು. "ಕೇಳೋಣ ಅಂತ ನಾಲಿಗೆ ತುದಿಗೆ ಬರೋದು. ನಾನ್ಯಾರು ಕೇಳೋಕೆ ಅನ್ನಿಸಿ ನುಂಗಿಕೊಳ್ತಿದ್ದೆ."

ಹೀಗಿರುವಾಗ ಅಭಿಪ್ರಾಯ ಹೇಳುವ ದಿನ ಬಂತು. ವಿದ್ಯಾರ್ಥಿಗಳು ಓದುವ ಹೊರೆ ಜಾಸ್ತಿ ಅಂದರು, ಅಂತ್ಯಕ್ರಿಯೆಯ ಪಾಠ ಅರ್ಧಕ್ಕೇ ನಿಂತಿತು ಅಂದರು. ಎತ್ತರದ ಹುಡುಗಿಯ ಸರದಿ ಬಂದಾಗ ಅವಳು ಮನೆಭೇಟಿಯನ್ನು ಮನಸಾರೆ ಹೊಗಳಿದಳು. "ಒಬ್ಬ ಅಜ್ಜಿಯ ಹತ್ರ ತುಂಬಾ ಕಲಿತೆ. ಚೆನ್ನಾಗಿ ಮುಗೀತು" ಅಂದಳು.

ಮೂಲೆಯಲ್ಲಿ ಪೆನ್ಸಿಲ್ ನಿಂತಿತು. ಮುಖ್ಯಸ್ಥೆ ತಿರುಗಿ, "ಏನಾಯ್ತು, ಬರಕೊಂಡ್ರಾ?" ಎಂದು ಕೇಳಿದರು.

"ನಿಮಗೆ ಮುಗೀತು ಮೇಡಂ" ಎಂದರು ಟೈಪಿಸ್ಟಮ್ಮ. "ಅಮ್ಮನಿಗೆ ಮುಗಿದಿಲ್ಲ. ಇವತ್ತೂ ತಲೆ ಬಾಚಿಸಿಕೊಂಡು ಕೂತಿದಾಳೆ."

ಹುಡುಗಿಯ ಕಣ್ಣು ತುಂಬಿ ಬಂತು. "ಅಭ್ಯಾಸ ಮುಗಿದ ಮೇಲೆ ಹೋಗಬಾರದು, ಅವರು ನಮ್ಮನ್ನೇ ನೆಚ್ಚಿಕೊಂಡುಬಿಡ್ತಾರೆ ಅಂತ ಪಾಠದಲ್ಲೇ ಇದೆ ಅಕ್ಕಾ. ದಿನಾ ಹೋಗಬೇಕು ಅನ್ನಿಸೋದು. ಹೋದ್ರೆ ತಪ್ಪಾಗತ್ತೇನೋ ಅಂತ ಹೋಗಲಿಲ್ಲ."

ಮುಖ್ಯಸ್ಥೆ, "ಹೋಗಬೇಡಿ ಅಂತ ಕಲಿಸಿದೆ, ಹೇಳಿ ಬನ್ನಿ ಅಂತ ಕಲಿಸಲಿಲ್ಲ" ಎಂದರಂತೆ.

ಆ ಸಂಜೆ ಹುಡುಗಿ ಟೈಪಿಸ್ಟಮ್ಮನ ಜೊತೆಯಲ್ಲೇ ಮನೆಗೆ ಬಂದಳು. ತಾಯಿ ಮೊದಲು ಮುಖ ಗೋಡೆಗೆ ತಿರುಗಿಸಿಕೊಂಡರು. ಹುಡುಗಿ ನೆಲದ ಮೇಲೆ ಕೂತು ಕಾದಳು. ಕೊನೆಗೆ ಗೋಡೆಯ ಕಡೆಯಿಂದಲೇ ಪ್ರಶ್ನೆ ಬಂತು: "ಗುಂಡಿ ಉಳಿದಿದೆಯೋ, ಮತ್ತೆ ಕಿತ್ತುಕೊಂಡೆಯೋ?" ಇಬ್ಬರೂ ನಕ್ಕರು, ಇಬ್ಬರೂ ಅತ್ತರು. ಹೊರಡುವ ಮುಂಚೆ ಹುಡುಗಿ ತಾಯಿಯ ಕೈ ಹಿಡಿದು, "ಅಜ್ಜಿ, ನನ್ನನ್ನ ದೂರದ ಊರಿನ ಚರ್ಚಿಗೆ ಕಳಿಸ್ತಿದಾರೆ. ಇನ್ನು ಬರೋಕಾಗಲ್ಲ. ಹೋಗ್ತೀನಿ" ಅಂದಳು. ಈ ಸಲ 'ಬರ್ತೀನಿ' ಅನ್ನಲಿಲ್ಲ.

"ಅಮ್ಮ ರಾತ್ರಿ ಊಟ ಬೇಡ ಅಂದಳು. ಆದರೆ ಮುಂದಿನ ಗುರುವಾರ ಏನಂದಳು ಗೊತ್ತಾ? 'ನನ್ನನ್ನ ಕಿಟಕಿ ಕಡೆ ತಿರುಗಿಸು, ಬಾಗಿಲು ನೋಡಿ ನೋಡಿ ಸಾಕಾಗಿದೆ' ಅಂದಳು. ಸಂಕಟ ಇತ್ತು. ಕಾಯೋದು ಇರಲಿಲ್ಲ."

ತಾಯಿ ತೀರಿಕೊಂಡದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಸುದ್ದಿ ತಿಳಿದು ಹುಡುಗಿ ಫೋನ್ ಮಾಡಿದ್ದಳು.

ಈಗ ಆ ವಿಭಾಗದಲ್ಲಿ ಮನೆಭೇಟಿಯ ಕೊನೆಯ ದಿನವನ್ನು ವಿದಾಯಕ್ಕೆಂದೇ ಇಡಲಾಗಿದೆ. ಇನ್ನು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಯೇ ಎದ್ದು ಬರಬೇಕು. 'ಇದನ್ನು ತೆಗೆದುಹಾಕಿ, ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ' ಎಂದು ಪ್ರತಿ ತಂಡದಲ್ಲೂ ಯಾರಾದರೊಬ್ಬರು ದೂರುತ್ತಾರೆ. "ಅದನ್ನೂ ಹಾಗೇ ಟೈಪ್ ಮಾಡ್ತೀನಿ. ಒಂದಕ್ಷರ ಆಚೀಚೆ ಮಾಡಲ್ಲ" ಎನ್ನುತ್ತಾರೆ ಟೈಪಿಸ್ಟಮ್ಮ. "ಕೀಲಿಗಳ ಮೇಲೆ ಬೆರಳು ಮಾತ್ರ ಸ್ವಲ್ಪ ಜೋರಾಗಿ ಬೀಳತ್ತೆ."

ಹೊರಗೆ ಬೆಳಕಾಗಿದೆ. ಮೊದಲ ಗಂಟೆ ಹೊಡೆಯುತ್ತದೆ, ಪಡಸಾಲೆ ತುಂಬ ಕಾಲ ಸಪ್ಪಳ. ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ.

"ಮನೆಗೆ ಹೋದ್ರೆ ಮಾತಾಡೋರಿಲ್ಲ ನೋಡಿ. ಇಷ್ಟು ವರ್ಷ ಮಕ್ಕಳ ಧ್ವನಿ ಕೇಳಿ ಕೇಳಿ ಅಭ್ಯಾಸ ಆಗಿದೆ. ಭೇಟಿ ಕೊಡೋ ಮನೆಗಳಲ್ಲಿ ನಮ್ಮ ಮನೇನೂ ಸೇರಿಸಿಕೊಳ್ಳಿ ಅಂತ ಮೇಡಂಗೆ ಹೇಳಿದೀನಿ. 'ನೀವಿನ್ನೂ ಗಟ್ಟಿಮುಟ್ಟಾಗಿದೀರಲ್ಲ' ಅಂತ ನಕ್ಕುಬಿಟ್ಟರು."

ಹೆಡ್‌ಫೋನ್ ಮೇಜಿನ ಮೇಲಿಟ್ಟು ಹೇಳುತ್ತಾರೆ: "ಯಾರು ಬಂದ್ರೂ ಆಗತ್ತೆ. ಎದುರಿಗೆ ಕೂತು, ನೀವು ಹೇಗಿದೀರಿ ಅಂತ ನನ್ನನ್ನ ಕೇಳಲಿ. ಬರಕೊಳ್ಳೋ ಕೆಲಸ ಇಲ್ಲದೆ, ಒಂದು ಸಲ ನಾನೂ ಬಾಯಿತುಂಬ ಮಾತಾಡ್ತೀನಿ."