ಹಲಗೆಯ ಮೇಲೆ ನಾನು ಬರೆದ ತಪ್ಪು

ಅವರ ಬಲಗೈಯ ಮೂರು ಬೆರಳುಗಳಿಗೆ ಉಗುರೇ ಇರಲಿಲ್ಲ. ಮುಂಡಗೋಡದ ನಮ್ಮ ಹೈಸ್ಕೂಲಿಗೆ ಸಿಪಾಯಿಯಾಗಿ ಬರುವ ಮೊದಲು ಹುಬ್ಬಳ್ಳಿಯಲ್ಲಿ ಸೈಕಲ್ಲಿನ ಹ್ಯಾಂಡಲ್ಲುಗಳಿಗೆ ಹೊಳೆಯುವ ಲೋಹದ ಗಿಲೀಟು ಹಾಕುವ ಅಂಗಡಿಯಲ್ಲಿದ್ದರಂತೆ. ಆಸಿಡ್ಡು ಉಗುರುಗಳನ್ನು ತಿಂದಿತ್ತು. ಟಿಬೇಟಿನ ನಿರಾಶ್ರಿತರು ಇನ್ನೂ ನಮ್ಮ ಕಡೆ ಬಂದಿರದ ವರ್ಷಗಳು ಅವು. ಗಂಟೆ ಬಾರಿಸುವುದು, ಕಸ ಗುಡಿಸುವುದು, ಪ್ರಯೋಗಶಾಲೆಯ ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ. ನಾವು ಸಿಪಾಯಿ ಕಾಕಾ ಅನ್ನುತ್ತಿದ್ದೆವು. ರದ್ದಿಗೆ ಹಾಕಿದ ವಿಜ್ಞಾನದ ಪುಸ್ತಕಗಳನ್ನು ಅವರು ಮನೆಗೊಯ್ದು ಓದುತ್ತಿದ್ದುದು ನನಗೆ ಮಾತ್ರ ಗೊತ್ತಿತ್ತು.

ಪರಮಾಣು ಅಯಾನು ಆಗುವುದು ಹೇಗೆಂದು ಒಮ್ಮೆ ಅವರನ್ನೇ ಕೇಳಿದೆ. ತೊಳೆಯುತ್ತಿದ್ದ ನಳಿಕೆ ಕೆಳಗಿಟ್ಟರು.

"ಸೋಡಿಯಮ್ಮಿನ ನಟ್ಟನಡುವ ಹನ್ನೊಂದು ಪ್ರೋಟಾನು. ಅವು ಅಲ್ಲಿಂದ ಕದಲಂಗಿಲ್ಲ ತಂಗಿ. ಸುತ್ತ ಹನ್ನೊಂದು ಎಲೆಕ್ಟ್ರಾನು. ಎರಡೂ ಸಮ ಇರೂತನಕ ಏನೂ ಇಲ್ಲ. ಹೊರಗಿಂದು ಒಂದು ಎಲೆಕ್ಟ್ರಾನು ಹೋತಂದ್ರ ಹತ್ತ ಉಳೀತಾವ, ಪ್ರೋಟಾನು ಒಂದು ಹೆಚ್ಚಾತು. ಅದು ಧನ ಅಯಾನು. ಕ್ಲೋರಿನ್ನು ಆ ಒಂದನ್ನ ತಗೊಂತೈತಿ. ಹದಿನೇಳು ಇದ್ದದ್ದು ಹದಿನೆಂಟ ಆಗ್ತಾವ. ಅದು ಋಣ ಅಯಾನು. ಓಡಾಡೋದು ಎಲೆಕ್ಟ್ರಾನು ಅಷ್ಟ, ನೆನಪಿಡು."

ಮರುವಾರ ತರಗತಿಯಲ್ಲಿ ವಿಜ್ಞಾನದ ಸರ್, ಸೋಡಿಯಮ್ಮಿಗೆ ಒಂದು ಪ್ರೋಟಾನು ಬಂದು ಸೇರಿ ಧನ ಅಯಾನು ಆಗುತ್ತದೆ ಎಂದರು. ನಾನು ಎದ್ದು ನಿಂತು, ಹಾಗಲ್ಲ, ಎಲೆಕ್ಟ್ರಾನು ಹೋಗುತ್ತದೆ ಎಂದೆ.

"ಯಾರು ಹೇಳಿದ್ರು ನಿನಗ?"

"ಸಿಪಾಯಿ ಕಾಕಾ."

ಹುಡುಗರು ನಕ್ಕರು. ಸರ್ ಕಾಕಾನನ್ನು ಕರೆಸಿದರು. "ಕಸಾ ಹೊಡಿಯೋದು ಬಿಟ್ಟು ಪಾಠಾ ಹೇಳಾಕ ಹತ್ತೀಯೇನು?" ಕಾಕಾ ತಲೆ ತಗ್ಗಿಸಲಿಲ್ಲ. "ಪುಸ್ತಕದಾಗ ಹಂಗ ಐತ್ರಿ ಸರ," ಅಂದರು. ಸರ್ ಮುಖ ಕೆಂಪಾಯಿತು. ನನ್ನ ಕೈಗೆ ಸೀಮೆಸುಣ್ಣದ ಖಡು ಕೊಟ್ಟು, "ಖರೇದು ಯಾವುದು, ಬರಿ" ಅಂದರು.

ನಾನು ಹಲಗೆಯ ಮೇಲೆ ಬರೆದೆ: ಪ್ರೋಟಾನು ಸೇರಿ.

ಬರೆದು ತಿರುಗಿದಾಗ ಕಾಕಾ ನನ್ನನ್ನೇ ನೋಡುತ್ತಿದ್ದರು. ಅಂದೇ ಸರ್ ಕಾಕಾನಿಂದ ಪ್ರಯೋಗಶಾಲೆಯ ಕೀಲಿ ಕಸಿದುಕೊಂಡರು. ವರ್ಷ ಮುಗಿದ ಮೇಲೆ ಅವರನ್ನು ಜೋಯಿಡಾ ಕಡೆಯ ಶಾಲೆಗೆ ವರ್ಗ ಮಾಡಿದರು.

ಕೊನೆಯ ಪಬ್ಲಿಕ್ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಕಾಕಾ ಹೇಳಿದ್ದನ್ನೇ ಬರೆದೆ. ವಿಜ್ಞಾನದಲ್ಲಿ ಶಾಲೆಗೆ ಮೊದಲಿಗಳಾದೆ. ಸರ್ ನನ್ನನ್ನು ತಮ್ಮ ಶಿಷ್ಯೆ ಎಂದು ಊರೆಲ್ಲ ಹೇಳಿಕೊಂಡರು. ಜೋಯಿಡಾಕ್ಕೆ ಹೊರಡುವ ಹಿಂದಿನ ದಿನ ಗಂಟುಮೂಟೆ ಕಟ್ಟುತ್ತಿದ್ದ ಕಾಕಾನಿಗೆ ಪೇಢೆ ಒಯ್ದು ಕೊಟ್ಟು, ಬರೆದದ್ದನ್ನು ಹೇಳಿದೆ. ಅವರು ಪೇಢೆ ತೆಗೆದುಕೊಂಡರು.

"ಅವತ್ತ ಹಲಗಿ ಮ್ಯಾಲ ಬರೀಬೇಕಾಗಿತ್ತು ತಂಗಿ," ಅಂದರು.

ಮತ್ತೆ ಅವರನ್ನು ನೋಡಲಿಲ್ಲ. ನಾನು ಹಳಿಯಾಳದಲ್ಲಿ ವಿಜ್ಞಾನ ಕಲಿಸತೊಡಗಿದ ಮೇಲೆ, ಅಲ್ಲಿಯ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಕಂಡರು. ಮಧ್ಯಾಹ್ನ ಶಾಲೆಗೆ ಬುತ್ತಿ ತರುತ್ತಿದ್ದವರು. ನಾನು ಗುರುತು ಹಿಡಿದೆ, ಅವರು ಹಿಡಿಯಲಿಲ್ಲ. ಕಾಕಾ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು.

"ಮುಂಡಗೋಡದ ಸಾಲಿ ಸುದ್ದಿ ಏನರ ಮಾತಾಡ್ತಿದ್ರೇನ್ರಿ?" ಎಂದು ಕೇಳಿದೆ.

"ಇಲ್ರಿ. ಆಮ್ಯಾಲ ಪುಸ್ತಕಾನೂ ಮುಟ್ಟಲಿಲ್ಲ. ಅಲ್ಲೊಬ್ಬಾಕಿ ಹುಡುಗಿ ಇದ್ಲು, ಭಾಳ ಶ್ಯಾಣ್ಯಾಕಿ ಅಂತ ಒಮ್ಮೆ ಅಂದಿದ್ರು." ನನ್ನ ಮುಖ ನೋಡಿದರು. "ನೀವ ಏನ್ರಿ ಅಕಿ?"

"ನಾನಲ್ರಿ," ಎಂದು ಬಸ್ಸು ಹತ್ತಿದೆ.