ಆಚಾರ್ರ ಮೂಗಿಗೊಪ್ಪಿದ ಮಾಸ್ಕು

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಿದ್ದೆ ಮಾಡಿಸುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಕೆಲವರಿಗೆ ನಿದ್ದೆ ಹತ್ತಿದ ಮೇಲೆ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುತ್ತದೆ. ಅಂಥವರಿಗೆ ವೈದ್ಯರು ಸಿಪ್ಯಾಪ್ ಎಂಬ ಯಂತ್ರ ಬರೆದುಕೊಡುತ್ತಾರೆ. ಮಂಚದ ಪಕ್ಕ ಇಡುವ ಪುಟ್ಟ ಡಬ್ಬಿ ಅದು. ಪೈಪಿನ ಮೂಲಕ ಮೂಗಿನ ಮಾಸ್ಕಿಗೆ ಒಂದೇ ಸಮನೆ ಗಾಳಿ ಕಳಿಸಿ ಗಂಟಲು ಕುಸಿಯದಂತೆ ನೋಡಿಕೊಳ್ಳುತ್ತದೆ. ಯಂತ್ರ ಮನೆಗೆ ತರುವುದು ಸುಲಭ, ಹಾಕಿಕೊಂಡು ಮಲಗುವುದು ಕಷ್ಟ. ಆ ಕಷ್ಟ ನೋಡಿಕೊಳ್ಳುವುದು ನನ್ನ ಕೆಲಸ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕಲಿತು, ಈಗ ಅಲ್ಲಿನ ವೈದ್ಯರ ಪರವಾಗಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಮನೆಗಳಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ನನ್ನ ಮನೆ ಇರುವುದು ಪಾಂಡವಪುರದಲ್ಲಿ.

ಬಹುಪಾಲು ತೊಂದರೆಗಳು ಸಣ್ಣವು. ಶ್ರೀರಂಗಪಟ್ಟಣದಲ್ಲಿ ಒಬ್ಬ ಹೆಂಗಸಿಗೆ ಮೂಗಿನ ಸುತ್ತ ಕೆಂಪಗೆ ಗುಳ್ಳೆ ಎದ್ದಿದ್ದವು. ಮಾಸ್ಕನ್ನು ದಿನಾ ಬಟ್ಟೆ ಸೋಪಿನ ಪುಡಿಯಲ್ಲಿ ನೆನೆಹಾಕುತ್ತಿದ್ದರಂತೆ. ಅದನ್ನು ಬಿಡಿಸಿ, ಮೈಸೋಪಿನ ತೆಳು ನೊರೆಯಲ್ಲಿ ತೊಳೆಯಲು ಹೇಳಿಕೊಟ್ಟೆ, ಗುಳ್ಳೆ ಹೋದವು. ಇಂಥವನ್ನು ಸರಿ ಮಾಡಬಲ್ಲೆ ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕೆ.ಆರ್. ಪೇಟೆಯಲ್ಲಿ ಎಲ್ಲರೂ ಆಚಾರ್ರು ಎಂದು ಕರೆಯುವ ಒಬ್ಬ ಅಕ್ಕಸಾಲಿಗರ ವಿಷಯ ಅಷ್ಟು ಬೇಗ ಮುಗಿಯಲಿಲ್ಲ.

ಮೊದಲು ಫೋನು ಮಾಡಿದ್ದು ಅವರ ಹೆಂಡತಿ.

"ಮೇಡಮ್ಮ, ನಮ್ಮೆಜಮಾನ್ರು ಆ ಮಿಸನ್ನ ಎತ್ತಿ ಬೀರು ಮ್ಯಾಲೆ ಮಡಗ್ಬುಟ್ಟವ್ರೆ. ಕೇಳುದ್ರೆ ಮಾತೇ ಆಡಾಕಿಲ್ಲ. ಒಂದ್ ಕಿತ ಬಂದೋಗಿ."

ಚಿನಕುರಳಿ ದಾಟಿ ಪೇಟೆ ಮುಟ್ಟಿದಾಗ ಅಂಗಡಿಗಳು ಆಗತಾನೇ ಬಾಗಿಲು ತೆಗೆಯುತ್ತಿದ್ದವು. ಮುಂದೆ ಅಂಗಡಿ, ಹಿಂದೆ ಮನೆ. ಆಚಾರ್ರು ಗಿರಾಕಿಯೊಬ್ಬರಿಗೆ ಓಲೆ ತೋರಿಸುತ್ತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ನನ್ನನ್ನು ಒಳಗೆ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದರು. ಕೆಲವು ತಿಂಗಳ ಹಿಂದೆ ಊಟವಾದ ಮೇಲೆ ತಾಳಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದವರು ಗ್ಯಾಸಿನ ಉರಿ ಕೈಯಲ್ಲಿರುವಾಗಲೇ ತೂಕಡಿಸಿಬಿಟ್ಟರಂತೆ. ಕಣ್ಣು ಬಿಟ್ಟಾಗ ತಾಳಿ ಕರಗಿ ಮುದ್ದೆಯಾಗಿತ್ತು, ಅಂಗಿಯ ತೋಳು ಹೊಗೆಯಾಡುತ್ತಿತ್ತು. ಆ ತಾಳಿಯನ್ನು ಮತ್ತೆ ಹೊಸದಾಗಿ ಮಾಡಿಕೊಟ್ಟರು. ಅವತ್ತಿನಿಂದ ಉರಿ ಮುಟ್ಟಿಲ್ಲ. ಬೆಸುಗೆಯ ಕೆಲಸವೆಲ್ಲ ತಮ್ಮನ ಅಂಗಡಿಗೆ ಹೋಗುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಗಿದ್ದು, ಇದು ವಯಸ್ಸಿನ ತೂಕಡಿಕೆಯಲ್ಲ, ಇರುಳೆಲ್ಲ ಉಸಿರು ಕಟ್ಟಿ ಕಟ್ಟಿ ನಿದ್ದೆಯೇ ಆಗಿಲ್ಲವೆಂದು.

ಗಿರಾಕಿ ಹೋದ ಮೇಲೆ ಆಚಾರ್ರು ಒಳಗೆ ಬಂದರು. ದಪ್ಪ ಮೀಸೆ, ಕೆಂಪು ಕಣ್ಣು.

"ಊದೋದು ನಮ್ ಕಸುಬು ಕಣವ್ವ," ಎಂದರು. "ನಮ್ಮಪ್ಪನ್ ಕಾಲದಲ್ಲಿ ಊದುಗೊಳವೆ ಇಡ್ಕಂಡು ಉರಿ ಊದ್ತಿದ್ದೋನು ನಾನು. ಈಗ ಆ ಡಬ್ಬ ನನ್ನೊಳಕ್ಕೆ ಊದ್ತೀನಿ ಅಂದ್ರೆ ಎಂಗೆ?"

"ಒಂದ್ಸಲ ಹಾಕ್ಕೊಂಡು ಮಲಗಿ ಆಚಾರ್ರೆ, ನಾನು ನೋಡಬೇಕು," ಎಂದೆ.

ಮಾಸ್ಕನ್ನು ಕೂತು ನೋಡಿದರೆ ಪ್ರಯೋಜನವಿಲ್ಲ. ಮಲಗಿದಾಗ ಕೆನ್ನೆಯ ಮಾಂಸ ಜಾರುತ್ತದೆ, ಕೂತಾಗ ಸರಿಯಿದ್ದದ್ದು ಆಗ ಸೋರುತ್ತದೆ. ಅವರು ಮಲಗಿದರು. ಪಟ್ಟಿಗಳನ್ನು ತಲೆ ನೋಯುವಷ್ಟು ಎಳೆದು ಕಟ್ಟಿದ್ದರು. ಆದರೂ ಗಾಳಿ ಬುಸ್ ಎಂದು ಕಣ್ಣಿಗೆ ನುಗ್ಗುತ್ತಿತ್ತು. ಮಾಸ್ಕು ದೊಡ್ಡದಾಗಿತ್ತು. ದೊಡ್ಡ ಮಾಸ್ಕನ್ನು ಬಿಗಿ ಮಾಡಿದಷ್ಟೂ ಅದರ ಅಂಚು ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ನನ್ನ ಬಳಿಯಿದ್ದ ಅಳತೆಯ ರಟ್ಟನ್ನು ಅವರ ಮೂಗಿಗೆ ಹಿಡಿದು, "ನಿಮಗೆ ಇನ್ನೂ ಚಿಕ್ಕದು ಬೇಕು," ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅಂಗಡಿಯಿಂದ ತಮ್ಮ ಕೈವಾರ ತಂದು, ಕನ್ನಡಿ ಮುಂದೆ ನಿಂತು, ಮೂಗಿನ ಅಗಲವನ್ನು ತಾವೇ ಅಳೆದು ನನ್ನ ರಟ್ಟಿನ ಮೇಲಿಟ್ಟು ನೋಡಿದರು. ಎರಡೂ ಒಂದೇ.

"ಅಂಗಾರೆ ಚಿಕ್ಕುದೇ ಕೊಡಿ," ಎಂದರು.

ಬಾಯಿ ಒಣಗುವ ತೊಂದರೆಯೂ ಇತ್ತು. ಯಂತ್ರಕ್ಕೆ ಗಾಳಿಯನ್ನು ತೇವ ಮಾಡುವ ಒಂದು ಪುಟ್ಟ ನೀರಿನ ತೊಟ್ಟಿ ಇರುತ್ತದೆ. ತೆಗೆದು ನೋಡಿದರೆ ಒಣಗಿ ಭಣಗುಟ್ಟುತ್ತಿತ್ತು, ಒಂದು ದಿನವೂ ನೀರು ಕಂಡಿರಲಿಲ್ಲ.

"ಕರೆಂಟಿನ್ ಡಬ್ಬಕ್ಕೆ ನೀರು ಉಯ್ದ್ರೆ ಶಾಕ್ ಒಡೆಯಾಕಿಲ್ವಾ ಮೇಡಮ್ಮ?" ಎಂದು ಅವರ ಹೆಂಡತಿ ಕೇಳಿದರು. ನ್ಯಾಯವಾದ ಪ್ರಶ್ನೆ. ತೊಟ್ಟಿಯನ್ನು ಹೊರಗೆ ತೆಗೆದು, ಗೆರೆಯವರೆಗೆ ಮಾತ್ರ ಶುದ್ಧ ಮಾಡಿದ ನೀರು ತುಂಬಿ, ಒರೆಸಿ ಕೂರಿಸುವುದನ್ನು ಅವರ ಕೈಯಲ್ಲೇ ಮಾಡಿಸಿದೆ. ಆಚಾರ್ರ ಮೂಗು ಕಟ್ಟಿಕೊಂಡಿರುವುದನ್ನು ವೈದ್ಯರಿಗೆ ಫೋನಿನಲ್ಲಿ ತಿಳಿಸಿದೆ. ಅವರು ಉಪ್ಪುನೀರಿನ ಔಷಧಿ ಹೇಳಿದರು. ಗಾಳಿ ಒಮ್ಮೆಲೇ ನುಗ್ಗದೆ ಮೆಲ್ಲಗೆ ಶುರುವಾಗಿ ಏರುವಂತೆ ಯಂತ್ರವನ್ನು ಹೊಂದಿಸಿದೆ. ಮರುದಿನ ಚಿಕ್ಕ ಮಾಸ್ಕು ತಂದುಕೊಟ್ಟೆ. ಆಚಾರ್ರು ಅದನ್ನು ಹಾಕಿಕೊಂಡು ಮಲಗಿದಾಗ ಎಲ್ಲೂ ಸೋರಲಿಲ್ಲ.

ಆದರೂ ವಾರ ಕಳೆಯುವುದರೊಳಗೆ ಯಂತ್ರ ಮತ್ತೆ ಬೀರುವಿನ ಮೇಲೆ ಏರಿತ್ತು.

ಸೋರಿಕೆ ನಿಂತ ಮೇಲೂ ಒಬ್ಬರು ಮಾಸ್ಕು ಕಿತ್ತೆಸೆಯುತ್ತಾರೆಂದರೆ ಕಾರಣ ಮಾಸ್ಕಿನಲ್ಲಿಲ್ಲ. ಈ ಸಲ ನಾನು ಚೀಲ ತೆರೆಯಲೇ ಇಲ್ಲ. ಅಂಗಡಿಯ ಜಗುಲಿಯಲ್ಲಿ ಅವರ ಪಕ್ಕ ಕೂತು, "ಹಾಕ್ಕೊಂಡ ತಕ್ಷಣ ಏನನ್ನಿಸುತ್ತೆ ಆಚಾರ್ರೆ?" ಎಂದು ಕೇಳಿದೆ.

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದರು.

"ಚಿಕ್ಕುಡುಗ ನಾನು," ಎಂದು ಶುರು ಮಾಡಿದರು. "ನಮ್ಮವ್ವನ ತವರು ಪಾಂಡವಪುರದ ಕಡೆ. ಅಲ್ಲಿ ನಾಲೆಗೆ ಬಿದ್ಬುಟ್ಟಿದ್ದೆ. ಮೂಗು ಬಾಯೆಲ್ಲ ನೀರು. ಉಸ್ರು ಎಳ್ಕಂಡ್ರೂ ನೀರು, ಬುಟ್ರೂ ನೀರು. ಯಾರೋ ಜುಟ್ಟು ಇಡ್ದು ಎಳುದ್ರು. ಆ ರಬ್ಬರು ಮೂಗ್ಮ್ಯಾಲೆ ಕೂತೇಟ್ಗೆ ಅದೇ ನಾಲೆ ಕಣವ್ವ. ಗಾಳಿ ಅಂತ ಗೊತ್ತು. ಆದ್ರೂ ಕೈ ತಾನೇ ಓಯ್ತದೆ, ಕಿತ್ತಾಕ್ತದೆ." ಒಳಬಾಗಿಲ ಕಡೆ ಕಣ್ಣು ತೋರಿಸಿ, "ಇವಳ್ಗೂ ಏಳಿಲ್ಲ. ಈ ವಯಸ್ನಲ್ಲಿ ಎದ್ರುಕೋತಾನೆ ಅಂತಾರೆ," ಎಂದರು.

ನನಗೆ ಒಳಗೊಳಗೇ ನಿರಾಳವಾಯಿತು. ಕಾರಣ ಸಿಕ್ಕರೆ ದಾರಿ ಇದ್ದೇ ಇರುತ್ತದೆ.

"ಹೆದರಿಕೆ ತಪ್ಪಲ್ಲ. ನಾಳೆಯಿಂದ ಇದನ್ನ ಹಾಕ್ಕೊಂಡು ಮಲಗಲೇಬೇಡಿ," ಎಂದೆ.

ಯಂತ್ರವನ್ನು ಹಗಲಲ್ಲಿ ಅಂಗಡಿಗೆ ತರಿಸಿದೆ. ಪಟ್ಟಿಗಳನ್ನೆಲ್ಲ ಬಿಚ್ಚಿಟ್ಟೆ. ಬರೀ ಮಾಸ್ಕನ್ನು ಕೈಯಲ್ಲಿ ಹಿಡಿದು ಮೂಗಿಗೆ ತಾಗಿಸಿಕೊಂಡು ರಸ್ತೆ ನೋಡುತ್ತ ಕೂತುಕೊಳ್ಳಿ, ಸಾಕೆನಿಸಿದಾಗ ತೆಗೆಯಿರಿ, ಮತ್ತೆ ಹಿಡಿಯಿರಿ ಎಂದೆ. ಪೈಪನ್ನು ಕಳಚುವ ಕೊಂಡಿಯನ್ನು ಕಣ್ಣುಮುಚ್ಚಿ ತೆಗೆಯುವುದನ್ನು ಮತ್ತೆ ಮತ್ತೆ ಮಾಡಿಸಿದೆ. ಬೇಕೆಂದಾಗ ಕಳಚಬಹುದು ಎಂದು ಕೈಗೆ ಗೊತ್ತಿದ್ದರೆ ಅದು ತಾನೇ ಸುಮ್ಮನಿರುತ್ತದೆ.

ಮುಂದಿನ ಸಲ ಹೋದಾಗ ಆಚಾರ್ರು ಮಾಸ್ಕು ಹಿಡಿದುಕೊಂಡೇ ಗಿರಾಕಿಯೊಂದಿಗೆ ಮಾತಾಡುತ್ತಿದ್ದರು. ಆ ಮನುಷ್ಯ ಇದೇನು ಎಂದು ಕೇಳಿದ್ದಕ್ಕೆ, "ಗಾಳಿ ಕುಡೀತಾವ್ನಿ, ನಿಂಗೂ ಬೇಕೇನ್ಲಾ?" ಎಂದರು. ಆಮೇಲೆ ಒಂದು ಪಟ್ಟಿ ಹಾಕಿದೆವು, ನಂತರ ಎರಡೂ. ಊಟವಾದ ಮೇಲೆ ಚಾಪೆಯ ಮೇಲೆ ಒರಗಿ ಅಭ್ಯಾಸ ಮಾಡಿದರು. ಹೆಂಡತಿಗೆ ನಾಲೆಯ ಕತೆಯನ್ನು ತಾವೇ ಹೇಳಿದರೆಂದು ಆಮೇಲೆ ಗೊತ್ತಾಯಿತು. ಮಾಸ್ಕು ಮೊದಲ ಬಾರಿಗೆ ಬೆಳಗಿನವರೆಗೂ ಮೂಗಿನ ಮೇಲೆ ಉಳಿದ ಸುದ್ದಿಯನ್ನು ಫೋನಿನಲ್ಲಿ ಹೇಳಿದವರೂ ಆಕೆಯೇ.

"ಗೊರಕೆ ಸದ್ದೇ ಇಲ್ವಲ್ಲಪ್ಪ ಅಂತ ಗಾಬ್ರಿಯಾಗಿ ಎದೆ ಮ್ಯಾಲೆ ಕೈ ಮಡಗ್ದೆ ಮೇಡಮ್ಮ. ಎಚ್ರ ಆಗಿ ಬೈದ್ರು. ಬೈದ್ರಲ್ಲ, ಸದ್ಯ, ಅಂತ ನಾನೂ ಮಲಿಕ್ಕಂಡೆ."

ಹಗಲಿನ ತೂಕಡಿಕೆ ಮೆಲ್ಲಮೆಲ್ಲಗೆ ಹೋಯಿತು. ವೈದ್ಯರು ಮತ್ತೊಮ್ಮೆ ನೋಡಿ ಸರಿ ಎಂದ ಮೇಲೆ ಆಚಾರ್ರು ಉರಿ ಹಚ್ಚಿದರು. ತಮ್ಮನ ಅಂಗಡಿಗೆ ಹೋಗುತ್ತಿದ್ದ ಬೆಸುಗೆಯ ಕೆಲಸ ವಾಪಸು ಬಂತು.

ಇಷ್ಟಾದ ಮೇಲೆ ಆ ಅಂಗಡಿ ನನಗೆ ಇನ್ನೊಂದು ಕೆಲಸ ಹುಡುಕಿಕೊಟ್ಟಿತು. ಸಂತೆಬಾಚಹಳ್ಳಿ ಕಡೆಯ ಒಬ್ಬ ಗೌಡರು, ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು, ಹೆಂಡತಿಯ ಓಲೆಯ ತಿರುಪು ಸರಿಮಾಡಿಸಲು ಬಂದಿದ್ದರು. ನಾನು ಹೋದಾಗ ಆಚಾರ್ರು ಅವರನ್ನು ಏಳಲು ಬಿಟ್ಟಿರಲಿಲ್ಲ.

"ಇವ್ರತ್ರಾನೂ ಅದೇ ಮಿಸನ್ನು ಐತಂತೆ ಕಣವ್ವ. ಮೂಲೇಲಿ ಮಡಗವ್ರಂತೆ."

"ಮಡುಗ್ದೆ ಇನ್ನೇನ್ ಮಾಡ್ಲಿ ಆಚಾರ್ರೆ?" ಎಂದರು ಗೌಡರು. "ಬೆಳಗಾಗೋದ್ರೊಳ್ಗೆ ಗಾಳಿ ತುಂಬ್ಕಂಡು ಒಟ್ಟೆ ನಗಾರಿ ಆಗೋಯ್ತದೆ. ಬಗ್ಗಿ ಆಲು ಕರೆಯಾಕಾಗಲ್ಲ."

"ನಂಗೂ ಆಗಲ್ಲ ಅಂತ್ಲೇ ಅಂದಿದ್ದೆ. ಈಗ ನನ್ ಕಣ್ ನೋಡಿ ಗೌಡ್ರೆ, ಕೆಂಪಗಿದ್ದಾವಾ? ಇವ್ರುನ್ನ ಮನೆಗೆ ಕರ್ಕಂಡೋಗಿ. ತಡ ಮಾಡ್ಬ್ಯಾಡಿ."

ಅಂದೇ ಗೌಡರ ಬೈಕಿನ ಹಿಂದೆ ನನ್ನ ಸ್ಕೂಟರು ಹೋಯಿತು. ಯಂತ್ರ ಹಿಂಡಿ ಮೂಟೆಯ ಪಕ್ಕದ ನೆಲದ ಮೇಲಿತ್ತು. ಫಿಲ್ಟರು ಹೊಟ್ಟಿನ ಧೂಳಿನಿಂದ ಮುಚ್ಚಿಹೋಗಿತ್ತು. ಹೊಸ ಫಿಲ್ಟರು ಹಾಕಿ, ಯಂತ್ರವನ್ನು ಒಳಕೋಣೆಯ ಮೇಜಿಗೆ ಏರಿಸಿದೆ. ಹೊಟ್ಟೆಯುಬ್ಬರವನ್ನೂ ಯಂತ್ರದೊಳಗೆ ದಾಖಲಾಗಿದ್ದ ವಿವರವನ್ನೂ ವೈದ್ಯರಿಗೆ ತಿಳಿಸಿದೆ. ಅವರು ಗಾಳಿಯ ಒತ್ತಡ ಅಗತ್ಯಕ್ಕಿಂತ ಹೆಚ್ಚಿದೆ ಎಂದು ಹೇಳಿ, ಎಷ್ಟಕ್ಕೆ ಇಳಿಸಬೇಕೆಂದು ತಿಳಿಸಿದರು; ಅಷ್ಟಕ್ಕೇ ಇಳಿಸಿದೆ. ತಲೆಯ ಕಡೆ ಸ್ವಲ್ಪ ಎತ್ತರ ಮಾಡಿ, ಎಡಮಗ್ಗುಲಿಗೆ ಮಲಗಿಸಿ, ಮಾಸ್ಕು ತೊಡಿಸಿ, "ಹೊಟ್ಟೆಗೆ ಗಾಳಿ ಹೋಗ್ತಾ ಇದ್ರೆ ಕೈ ಎತ್ತಿ ಗೌಡ್ರೆ," ಎಂದೆ.

ಅವರು ಕೈ ಎತ್ತಲಿಲ್ಲ. ನಾನು ಮಾಸ್ಕಿನ ಅಂಚಿಗೆ ಬೆರಳಿಟ್ಟು ನೋಡುತ್ತಿದ್ದಂತೆಯೇ ಅವರ ಉಸಿರು ನೀಳವಾಯಿತು. ಹೆಂಡತಿ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಲು ಕರೆಯುವ ಹೊತ್ತಾಗಿತ್ತು, ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಎಬ್ಬಿಸಲೇ ಎಂದು ನಾನು ಸನ್ನೆಯಲ್ಲಿ ಕೇಳಿದೆ.

"ಬುಡವ್ವ, ಮಲಗ್ಲಿ," ಎಂದು ಆಕೆ ಪಿಸುಗುಟ್ಟಿ, ಮಜ್ಜಿಗೆಯನ್ನು ನನ್ನ ಕೈಗಿತ್ತು, ಬಿಂದಿಗೆ ತೆಗೆದುಕೊಂಡು ತಾವೇ ಕೊಟ್ಟಿಗೆಗೆ ನಡೆದರು.