ಬೇಲಿ ದಾಟಿದ ಗುಲಾಬಿ ಸಿರಪ್

ಹೋದ ವಾರ ಅರ್ಧ ಬಾಟಲಿ ಸಿರಪ್‌ಗಾಗಿ ನನ್ನ ತಂಗಿ ಶೈಲಾ ಪಕ್ಕದ ಮನೆಯವರ ಸಿಟ್ಟು ಕಟ್ಟಿಕೊಂಡಳು.

ಅವಳ ಮನೆ ಕಾರವಾರದಲ್ಲಿ. ಮಗನಿಗೆ ಬಂದ ಕಿವಿನೋವು ಕಡಿಮೆಯಾಗುತ್ತಿತ್ತು. ಪಕ್ಕದ ಮನೆಯ ಮಗುವಿಗೂ ಅದೇ ನೋವು. ಉಳಿದ ಆಂಟಿಬಯಾಟಿಕ್ ಕೊಡಿ ಎಂದು ಆ ತಾಯಿ ಕೇಳಿದರು. ‘ನೋವು ಹೋದ್ರೂ ಪೂರ್ತಿ ಕುಡಿಸೂದು ಅದೆ. ಉಳಿದ್ರೂ ಕೊಡೂದಿಲ್ಲ. ಡಾಕ್ಟರ್ ಹತ್ರ ಹೋಗ್ವಾ, ನಾನೂ ಬರ್ತೆ’ ಎಂದಳಂತೆ ಶೈಲಾ. ಅವರು ಮುಖ ತಿರುಗಿಸಿ ಹೊರಟುಹೋದರು.

ಜಿಪುಣತನವೇ? ಅವಳನ್ನು ಬಲ್ಲವರು ಯಾರೂ ಹಾಗೆನ್ನಲಾರರು.

ನಾವು ಬೆಳೆದದ್ದು ಅಂಕೋಲೆಯ ಬೊಬ್ರುವಾಡದಲ್ಲಿ, ಎಂಬತ್ತರ ದಶಕದಲ್ಲಿ. ಅಲ್ಲಿ ಯಾವುದು ತಾನೇ ಒಂದೇ ಮನೆಯಲ್ಲಿ ಉಳಿಯುತ್ತಿತ್ತು? ಬಂಗಡೆ ಸಾರು ಬೇಲಿ ದಾಟುತ್ತಿತ್ತು. ಕರಿಇಶಾಡ ಮಾವಿನಹಣ್ಣು ದಾಟುತ್ತಿತ್ತು. ಚೌತಿಯ ಚಕ್ಕುಲಿಯಂತೂ ಎರಡೂ ಕಡೆಯಿಂದ ದಾಟಿ, ಯಾರದು ಯಾರ ಡಬ್ಬಿಯಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಈಗ ನೆನೆದರೂ ಬಾಯಲ್ಲಿ ನೀರು, ಕಣ್ಣಲ್ಲೂ ಸ್ವಲ್ಪ.

ಔಷಧವೂ ಹಾಗೆಯೇ ದಾಟುತ್ತಿತ್ತು.

ಶೈಲಾಳ ಎಡಗಿವಿ ಆಗಾಗ ಸೋರುತ್ತಿತ್ತು. ಮೊದಲು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ (ಹಾಕಬಾರದೆಂದು ಆಗ ಯಾರಿಗೆ ಗೊತ್ತಿತ್ತು?), ಆಮೇಲೆ ಡಾಕ್ಟರ್ ಬರೆದ ಗುಲಾಬಿ ಬಣ್ಣದ ಸಿರಪ್. ಕೀವು ನಿಂತ ಕೂಡಲೇ ಆಯಿ, ಅಂದರೆ ನಮ್ಮಮ್ಮ, ಔಷಧವನ್ನೂ ನಿಲ್ಲಿಸುತ್ತಿದ್ದಳು. ಉಳಿದದ್ದು ಬೇಲಿಯಾಚೆಯ ಸುಮಿತ್ರಕ್ಕನ ಮಗನಿಗೆ. ಮುಂದಿನ ಸಲ ಸುಮಿತ್ರಕ್ಕನ ಮನೆಯಲ್ಲಿ ಉಳಿದದ್ದು ಶೈಲಾಳಿಗೆ. ಹಳೆಯದೋ ಹೊಸದೋ ನೋಡುವವರಿಲ್ಲ. ಎಷ್ಟು ಚಂದದ ನೆರೆಹೊರೆ!

ಬರಬರುತ್ತ ಸಿರಪ್ ಕುಡಿಸಿದರೂ ಕೀವು ನಿಲ್ಲದಾಯಿತು. ಶಾಲೆಯ ಅಕ್ಕೋರು ಮನೆಗೇ ಬಂದರು. ಹುಡುಗಿ ಕರೆದರೆ ತಿರುಗುವುದಿಲ್ಲ, ದಡ್ಡಿಯೆಂದುಕೊಂಡಿದ್ದೆ, ಆದರೆ ಕೇಳಿಸುತ್ತಲೇ ಇಲ್ಲವೇನೋ ಎಂದರು. ಮರುದಿನವೇ ಅಪ್ಪ ಗದ್ದೆ ಕೆಲಸ ಬಿಟ್ಟು ನಮ್ಮನ್ನೆಲ್ಲ ಕಾರವಾರದ ಬಸ್ ಹತ್ತಿಸಿದ.

ಅಲ್ಲಿಯ ಕಿವಿ ಡಾಕ್ಟರ್ ಹತ್ತಿಯಲ್ಲಿ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಮತ್ತೆ ಹೋದಾಗ, ಈ ಬ್ಯಾಕ್ಟೀರಿಯಾ ಆ ಗುಲಾಬಿ ಔಷಧಕ್ಕೆ ಸಾಯುವುದಿಲ್ಲ ಎಂದರು. ಆಯಿಗೆ ನಂಬಿಕೆಯಾಗಲಿಲ್ಲ. ಮೊದಲು ಅದರಿಂದಲೇ ಗುಣವಾಗುತ್ತಿತ್ತಲ್ಲ?

‘ಅರ್ಧ ಹೊಡೆದು ಬಿಟ್ಟ ಹಾವು ಏನ್ ಮಾಡ್ತದೆ?’ ಡಾಕ್ಟರ್ ಮೆಲ್ಲಗೆ ಕೇಳಿದರು. ‘ಅರ್ಧ ಔಷಧಕ್ಕೆ ಮೆತ್ತಗಿನ ಕ್ರಿಮಿ ಸಾಯ್ತವೆ. ಗಟ್ಟಿಯವು ಉಳ್ಕೊಂಡು ಬೆಳೀತವೆ. ಆಮೇಲೆ ಅದೇ ಔಷಧ ಅವಕ್ಕೆ ಬರೀ ನೀರು.’

ಬೇರೆ ಔಷಧ ಕೊಟ್ಟರು. ಆಯಿ ಈ ಸಲ ಕೊನೆಯ ಹನಿಯವರೆಗೂ ಕುಡಿಸಿದಳು. ಕಿವಿ ಒಣಗಿತು. ಆದರೆ ಕೀವಿನಿಂದ ಕಿವಿಯ ತಮಟೆಗೆ ಬಿದ್ದಿದ್ದ ತೂತು ಮುಚ್ಚಲಿಲ್ಲ, ಹೋದ ಶ್ರವಣ ಪೂರ್ತಿ ಮರಳಲಿಲ್ಲ. ಸುಮಿತ್ರಕ್ಕನ ಮಗನಿಗೆ ಏನೂ ಆಗಲಿಲ್ಲ, ಅವನ ಅದೃಷ್ಟ.

ಒಂದು ಸಂಜೆ ಜಗುಲಿಯಲ್ಲಿ ಶೈಲಾಳ ತಲೆ ಬಾಚುತ್ತ ಆಯಿ ಸಣ್ಣ ದನಿಯಲ್ಲಿ ಕೇಳಿದಳು: ‘ನನ್ನ ಕೈಯಾರೆ ಹಿಂಗಾಯ್ತಾ, ಮಗಾ?’

ಶೈಲಾ ಉತ್ತರಿಸಲಿಲ್ಲ. ಆಯಿ ಕೂತಿದ್ದು ಅವಳ ಎಡಕ್ಕೆ.

ನಾನು ಈಗಲೂ ಆಯಿಯನ್ನು ದೂರುವುದಿಲ್ಲ. ಔಷಧ ಬರೆದವರಿದ್ದರು, ಮಾರಿದವರಿದ್ದರು. ಪೂರ್ತಿ ಕುಡಿಸು ತಾಯಿ ಎಂದು ಕೂರಿಸಿಕೊಂಡು ಹೇಳಿದವರು ಯಾರಿದ್ದರು?